ಅಚ್ಚು ಮಾಡುವವನ ಕಸುಬು

ನಂಜನಗೂಡೆಂದರೆ ಶ್ರೀಕಂಠೇಶ್ವರನ ತೇರು, ರಸಬಾಳೆ. ತಿರುಮಕೂಡಲು ನರಸೀಪುರವೆಂದರೆ ಕಾವೇರಿ ಕಪಿಲೆಯರ ಸಂಗಮ, ಕಬ್ಬು ಬತ್ತಗಳ ಬಯಲು. ಬಹುಮಂದಿ ಬಲ್ಲುದು ಇಷ್ಟನ್ನೇ. ಅದೇ ನಂಜನಗೂಡಿನ ಆಸುಪಾಸಿನಲ್ಲಿ ಈಗ ಕಾರ್ಖಾನೆಗಳು ಸಾಲಾಗಿ ಎದ್ದು ನಿಂತಿವೆ. ಇಂಥ ಕಾರ್ಖಾನೆಗಳ ಹಿಂದೆ ಕಣ್ಣಿಗೆ ಬೀಳದೆ ದುಡಿಯುವ ಒಬ್ಬ ಕಸುಬುದಾರನ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ. ಅವನೇ ಅಚ್ಚು ಮಾಡುವವನು. ಕಾರ್ಖಾನೆಯವರ ಮಾತಿನಲ್ಲಿ ‘ಟೂಲ್ ಅಂಡ್ ಡೈ ಮೇಕರ್’.

ಆಲೆಮನೆಯನ್ನು ಕಂಡವರಿಗೆ ಅಚ್ಚು ಹೊಸದಲ್ಲ. ಪಾಕವೆಷ್ಟೇ ಚೆನ್ನಾಗಿರಲಿ, ಬೆಲ್ಲ ತಳೆಯುವುದು ಅಚ್ಚಿನ ಆಕಾರವನ್ನೇ. ಅಚ್ಚು ಮುಕ್ಕಾದರೆ ಅದರಿಂದ ಬಂದ ಬೆಲ್ಲವೆಲ್ಲ ಮುಕ್ಕು. ಉಕ್ಕಿನ ಅಚ್ಚಿಗೂ ನ್ಯಾಯ ಇದೇ, ಭೇದವಿರುವುದು ಅಳತೆಯಲ್ಲಿ. ತಗಡಿನಲ್ಲಿ ತೂತು ಹೊಡೆಯಲು ಮೇಲೊಂದು ಪಂಚು, ಕೆಳಗೊಂದು ಡೈ. ಮೆದು ಉಕ್ಕಿನ ತಗಡಾದರೆ ಇವೆರಡರ ನಡುವೆ, ಪ್ರತಿ ಪಕ್ಕದಲ್ಲಿಯೂ, ತಗಡಿನ ದಪ್ಪದ ನೂರರಲ್ಲಿ 5ರಿಂದ 10 ಪಾಲಿನಷ್ಟು ಸಂದು ಇರಬೇಕು. 1 ಮಿಲಿಮೀಟರ್ ತಗಡಿಗೆ ಆ ಸಂದು ಹೆಚ್ಚು ಕಡಮೆ ಒಂದು ತಲೆಗೂದಲಿನ ದಪ್ಪ. ಅದು ಹೆಚ್ಚಾದರೆ ತೂತಿನ ಅಂಚಿನಲ್ಲಿ ಸಿಬಿರೇಳುತ್ತದೆ. ಕಡಮೆಯಾದರೆ ಅಚ್ಚೇ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ಕಿನ ಅಚ್ಚಿನ ಕಷ್ಟ ಬೇರೆ. ಕಾದು ಹರಿದ ವಸ್ತು ಆರಿದಾಗ ಕುಗ್ಗುವುದರಿಂದ, ಎಷ್ಟು ಕುಗ್ಗುವುದೆಂದು ಮೊದಲೇ ಗುಣಿಸಿ ಅಚ್ಚನ್ನು ಅಷ್ಟು ಹಿರಿದಾಗಿ ಕೊರೆಯಬೇಕು.

ಇನ್ನು ಹದದ ಮಾತು. ಉಕ್ಕನ್ನು ಕೆಂಪಗೆ ಕಾಸಿ ಥಟ್ಟನೆ ತಣಿಸಿದರೆ ಅದು ಗಡುಸಾಗುತ್ತದೆ. ಜತೆಗೇ ಪೆಡಸೂ ಆಗುತ್ತದೆ. ಆದುದರಿಂದ ಮತ್ತೆ ಮಿತವಾಗಿ ಕಾಸಿ ಪೆಡಸನ್ನು ತಗ್ಗಿಸಬೇಕು. ಈ ಕ್ರಿಯೆಯಲ್ಲಿ ಉಕ್ಕು ಕೊಂಚ ಸೊಟ್ಟಗಾಗುವುದುಂಟು. ಅದನ್ನು ಬಲ್ಲವನು ಸಾಣೆಗೆಂದು ಮೊದಲೇ ತುಸು ಉಳಿಸಿಕೊಂಡಿರುತ್ತಾನೆ.

ಈ ವಿದ್ಯೆಯನ್ನು ಕಲಿಸಲು ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಸ್ಥಾಪಿತವಾಯಿತು. ಮುಂದೆ ಮೈಸೂರಿನಲ್ಲಿಯೂ ಅದರ ಶಾಖೆ ತೆರೆಯಿತು. ಹತ್ತನೆಯ ತರಗತಿ ತೇರ್ಗಡೆಯಾದ ಹುಡುಗರು ಅಲ್ಲಿ ಮೂರು ವರ್ಷ ಓದಿ, ಒಂದು ವರ್ಷ ಕಾರ್ಖಾನೆಯಲ್ಲಿ ಪಳಗುತ್ತಾರೆ. ನರಸೀಪುರದ ಬಯಲಿನ ರೈತನ ಮಗನಿಗೆ ಇದು ಎಟುಕದ ದಾರಿಯಲ್ಲ.

ಆದರೂ ಕೈಗೆ ಎಣ್ಣೆ ಹತ್ತುವ ಕೆಲಸವೆಂದು ಮೂಗು ಮುರಿಯುವ ತಾಯಿತಂದೆಗಳು ನಮ್ಮಲ್ಲಿ ಇದ್ದಾರೆ. ಮೇಜಿನ ಮುಂದಿನ ಕೆಲಸವೇ ಅವರಿಗೆ ಮರ್ಯಾದೆ. ಗಣಕಯಂತ್ರ ನಡೆಸುವ ಕೊರೆಯಂತ್ರಗಳು ಬಂದಮೇಲೆ ಈ ಕಸುಬಿಗೆ ಬೆಲೆಯೇನೆಂದು ಕೇಳುವವರೂ ಉಂಟು. ಯಂತ್ರ ಕೊರೆಯುವುದು ಹೇಳಿದಷ್ಟನ್ನು. ಏನು ಹೇಳಬೇಕೆಂಬುದನ್ನೂ, ಅಚ್ಚು ಕೂಡಿಸಿದಮೇಲೆ ಎಲ್ಲಿ ತೊಡಕಿದೆಯೆಂಬುದನ್ನೂ ಮನುಷ್ಯನೇ ತಿಳಿಯಬೇಕು. ಅವನ ಒಂದು ತಪ್ಪು ಲಕ್ಷ ಬಿಡಿಭಾಗಗಳಲ್ಲಿ ಲಕ್ಷ ತಪ್ಪಾದೀತು. ಅವನ ಒಂದು ದಿನದ ತಾಳ್ಮೆ ಲಕ್ಷ ಸಲ ಫಲ ಕೊಟ್ಟೀತು. ಇಂಥ ಕೈಗಳಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸದ ನಾಡು ತನಗೆ ಬೇಕಾದ ಅಚ್ಚುಗಳಿಗಾಗಿ ಪರರ ಬಾಗಿಲನ್ನು ಕಾಯಬೇಕಾದೀತು.