ಯುದ್ಧ ಮುಗಿದ ಮೇಲಿನ ಹದಿನೈದು ತಿಂಗಳು

ಬೆಂಗಳೂರಿನ ಅಂಜನಾಪುರದಿಂದ ಕೆಲವೇ ಕಿಲೋಮೀಟರ್ ದೂರದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತನೆಂದು ಅದು ಹೇಳುತ್ತದೆ. ಮಡಿದವನಿಗೆ ಕಲ್ಲು ನಿಲ್ಲಿಸುವುದು ಈ ಸೀಮೆಯ ಹಳೆಯ ಪದ್ಧತಿ. ಬದುಕುಳಿದು, ಮನೆಗೆ ಮರಳಲಾಗದೆ ದೂರದಲ್ಲಿ ಕಾದವನಿಗೆ ಯಾವ ಕಲ್ಲೂ ಇಲ್ಲ. ಈ ಉಪನ್ಯಾಸ ಅಂಥವರ ಕುರಿತದ್ದು.

ಮೊದಲ ಮಹಾಯುದ್ಧಕ್ಕೆ ಹೋದ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಎಂದೊಡನೆ ಎಲ್ಲರೂ ಹೈಫಾ ಎನ್ನುತ್ತಾರೆ. ಪ್ಯಾಲೆಸ್ಟೈನಿನ ಆ ಪಟ್ಟಣದಲ್ಲಿ 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳನ್ನು ಹಿಡಿದರು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ಸೆರೆಸಿಕ್ಕ ತುರ್ಕಿ ಕಡೆಯವರು 1,350 ಮಂದಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು. ಈ ಸಾಹಸಕ್ಕೆ ಸಲ್ಲಬೇಕಾದ ಗೌರವ ಸಂದಿದೆ, ಇನ್ನೂ ಸಲ್ಲಲಿ.

ಆದರೆ ಹೈಫಾ ಕೊನೆಯ ಕದನವಲ್ಲ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಇದೇ ಸವಾರರು ಮತ್ತೆ ಕುದುರೆ ಓಡಿಸಿದರು. ಅಲ್ಲಿ ಅವರಿದ್ದ ಬ್ರಿಗೇಡ್ ತೆತ್ತ ಪ್ರಾಣಗಳು ಹೈಫಾದಲ್ಲಿ ತೆತ್ತವಕ್ಕಿಂತ ಹೆಚ್ಚು. ನಾಲ್ಕು ದಿನ ಕಳೆದು, ಅಕ್ಟೋಬರ್ 30ರಂದು, ಮುದ್ರೋಸ್‌ನಲ್ಲಿ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು. ನಾಲ್ಕೇ ದಿನ!

1914ರ ಅಕ್ಟೋಬರ್‌ನಲ್ಲಿ ಬೆಂಗಳೂರು ಬಿಟ್ಟವರು ಅಷ್ಟರಲ್ಲಿ ಸೂಯೆಜ್ ಕಾಲುವೆ ಕಾದಿದ್ದರು, ಸೈನಾಯ್ ಮರಳುಗಾಡು ದಾಟಿದ್ದರು, ಗಾಜಾ ಕಂಡಿದ್ದರು. ದಂಡಿಗೆ ಹೋಗಿ ನಾಲ್ಕು ವರ್ಷ. ಹೋದಾಗ ತೊಟ್ಟಿಲಲ್ಲಿದ್ದ ಕೂಸು ಈಗ ಓಡಾಡುವ ವಯಸ್ಸು. ಯುದ್ಧ ಮುಗಿಯಿತೆಂದ ಮೇಲೂ ದಳ ಊರಿಗೆ ಬಂದದ್ದು 1920ರ ಫೆಬ್ರುವರಿಯಲ್ಲಿ. ಗೆದ್ದ ನಾಡುಗಳಿಗೆ ಕಾವಲು ಬೇಕಿತ್ತು. ಸಾಮ್ರಾಜ್ಯದ ಲೆಕ್ಕದಲ್ಲಿ ಸಿಪಾಯಿಯ ಮನೆಗೆ ಜಾಗವಿರಲಿಲ್ಲ.

ಮನೆಯಲ್ಲಾದರೂ ಕ್ಷೇಮವೇ? ಹೈಫಾ, ಹರಿತಾನ್‌ಗಳ ಅದೇ ವಾರಗಳಲ್ಲಿ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಹೊಕ್ಕಿತ್ತು. ಲಕ್ಷಕ್ಕೂ ಹೆಚ್ಚು ಜನ ಸತ್ತರು. ರಣರಂಗದಲ್ಲಿರುವ ಮಗ ಉಳಿಯುತ್ತಾನೋ ಇಲ್ಲವೋ ಎಂದು ಹಂಬಲಿಸುತ್ತಿದ್ದ ಎಷ್ಟೋ ಮನೆಗಳಲ್ಲಿ ಸಾವು ಮೊದಲು ಹಿತ್ತಿಲ ಬಾಗಿಲಿಂದಲೇ ಬಂದಿರಬೇಕು. ಈ ಎರಡು ಚರಿತ್ರೆಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುವುದು ತಪ್ಪು. ಅವನ್ನು ಬದುಕಿದ್ದು ಒಂದೇ ಕುಟುಂಬ.

ಅದೇ ಯುದ್ಧದಲ್ಲಿ ಫ್ರಾನ್ಸ್‌ನಲ್ಲಿದ್ದ ಭಾರತೀಯ ಸಿಪಾಯಿಗಳ ಅಳಲು ನಮಗೆ ತಿಳಿದದ್ದು ವಿಚಿತ್ರ ದಾರಿಯಿಂದ. ಅವರ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದು ಕಡತ ಮಾಡಿದರು. ಅವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಳೆ, ಮದುವೆ, ಸಾಲ, ರಜೆ: ಇವೇ ಅಲ್ಲಿನ ಮಾತು. ಭಾರತೀಯ ಸಿಪಾಯಿಗಳನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಗುಟ್ಟಾಗಿ ಬರೆದವರಿದ್ದರು. ಆ ರಾಶಿಯಲ್ಲಿ ಹೆಚ್ಚಿನದು ಪಂಜಾಬಿನ ಮತ್ತು ಉತ್ತರ ಭಾರತದ ದನಿ. ಮೈಸೂರಿನ ಸವಾರನ ದನಿ ಸಿಗಬೇಕಾದರೆ ಹುಡುಕಬೇಕಾದದ್ದು ನಮ್ಮ ಮನೆಗಳಲ್ಲೇ.

ಬೆಂಗಳೂರಿನ ಜೆ.ಸಿ. ನಗರದ ಬಳಿ ಲ್ಯಾನ್ಸರ್ಸ್ ಸ್ಮಾರಕವಿದೆ. ಸೆಪ್ಟೆಂಬರ್ 23ರಂದು ಅಲ್ಲಿ ಹೂವಿಡುತ್ತಾರೆ. ಅದಷ್ಟೇ ಸಾಲದು. ಅಂಜನಾಪುರದಂಥ ಹೊಸ ಬಡಾವಣೆಗೆ ಜನ ಹತ್ತೂರುಗಳಿಂದ ಟ್ರಂಕು ಹೊತ್ತು ಬಂದಿದ್ದಾರೆ. ಅದರೊಳಗೆ ಮುತ್ತಜ್ಜನ ಬೆಳ್ಳಿ ಪದಕವಿದ್ದರೆ ಅಂಚನ್ನು ನೋಡಿ, ಹೆಸರು ಮತ್ತು ದಳ ಅಲ್ಲೇ ಕೆತ್ತಿರುತ್ತದೆ. ಅದನ್ನು ಕರಗಿಸಲು ಕೊಡಬೇಡಿ. ಮಾಸಿದ ಕಾಗದವಿದ್ದರೆ, ಯಾವ ಲಿಪಿಯಲ್ಲೇ ಇರಲಿ, ರಾಜ್ಯ ಪತ್ರಾಗಾರಕ್ಕೆ ಒಯ್ದು ತೋರಿಸಿ.