ರಕ್ತರೋಗಿಗಳಾದ ತರುಣರು

ತಲಸೀಮಿಯಾ ತಾಯಿತಂದೆಗಳಿಂದ ಬರುವ ರಕ್ತರೋಗ. ಅದು ತೀವ್ರವಾಗಿರುವ ತರುಣನಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಅನ್ಯರ ರಕ್ತವನ್ನು ಕೊಡಬೇಕು. ಆ ರಕ್ತದಿಂದ ಮೈಯಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರದೂಡಲು ಔಷಧವೂ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ರೋಗವನ್ನೂ ಹಿಮೋಫಿಲಿಯಾ, ಕುಡಗೋಲುಕಣ ರೋಗಗಳನ್ನೂ 21 ವೈಕಲ್ಯಗಳಲ್ಲಿ ಎಣಿಸಿತು. ಉಪಕಾರವೇ ಸರಿ. ವೈಕಲ್ಯವು ಶೇಕಡಾ 40ಕ್ಕೆ ಕಡಮೆಯಿಲ್ಲವೆಂಬ ಪ್ರಮಾಣಪತ್ರವಿದ್ದರೆ, ಸರ್ಕಾರಿ ಕಾಲೇಜುಗಳು ಕಾದಿರಿಸುವ ಶೇಕಡಾ 5 ಸ್ಥಾನಗಳಿಗೆ ಇವರೂ ಅರ್ಹರು. ಆದರೆ ಸರ್ಕಾರಿ ನೌಕರಿಯಲ್ಲಿನ ಶೇಕಡಾ 4ರ ಪಾಲನ್ನು ಹೇಳುವಾಗ ಅದೇ ಕಾಯಿದೆ ರಕ್ತರೋಗಗಳ ಹೆಸರನ್ನೇ ಎತ್ತುವುದಿಲ್ಲ! ಓದಿಸಿ ಬಾಗಿಲಲ್ಲಿ ನಿಲ್ಲಿಸಿದ ಹಾಗಾಯಿತು. ಸಂಬಳವಿಲ್ಲದೆ ಔಷಧವೆಲ್ಲಿಯದು? ಮತ್ತೆ ಮತ್ತೆ ರಜೆ ಬೇಡುವವನನ್ನು ಖಾಸಗಿ ಧಣಿ ಎಷ್ಟು ಕಾಲ ಸಹಿಸಿಯಾನು? ನೌಕರಿಯ ಪಟ್ಟಿಗೆ ಈ ಮೂರು ಹೆಸರುಗಳೂ ಸೇರಲೆಂದು ನಾವು ಕೇಳುತ್ತೇವೆ.