ಸ್ವರವೂ ಅನ್ನವೂ: ಗದಗಿನ ಪುಣ್ಯಾಶ್ರಮ ನಡೆದು ಬಂದ ದಾರಿ

ಹತ್ತು ಜನರನ್ನು ಕೂಡಿಸಿ ಹಾಡಿಸುವುದು, ಯಾರನ್ನೂ ಹೊರಗಿಡದೆ ಕಲಿಸುವುದು, ಅದರಿಂದ ಅವರ ಬದುಕು ಹಸನಾಗುವಂತೆ ನೋಡಿಕೊಳ್ಳುವುದು. ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇವೆ ಎನ್ನುವ ತರುಣ ತರುಣಿಯರಿಗೆ ನಾನು ತೋರಿಸುವ ಊರು ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಈ ವೃತ್ತಿಗೆ ದೊಡ್ಡ ಪರಂಪರೆಯೇ ಇದೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಕೂಸು ಹುಟ್ಟಿತು. ಹುಟ್ಟಿನಿಂದಲೇ ಕಣ್ಣಿಲ್ಲ. ಬಡ ಮನೆಯ ಅಂಥ ಮಗುವಿಗೆ ಆ ಕಾಲ ಭಿಕ್ಷೆಯ ಹೊರತು ಬೇರೆ ದಾರಿಯನ್ನೇನೂ ತೋರುತ್ತಿರಲಿಲ್ಲ. ಹುಡುಗನ ಕಂಠವನ್ನು ಗುರುತಿಸಿ ಕಲಿಕೆಗೆ ಆಸರೆಯಾದವರು ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು. ಗದಿಗೆಯ್ಯ ಕರ್ನಾಟಕ ಸಂಗೀತವನ್ನೂ ಕಲಿತರು, ನೀಲಕಂಠಬುವಾ ಮಿರಜಕರ ಬಳಿ ಹಿಂದೂಸ್ತಾನಿಯನ್ನೂ ಕಲಿತರು, ಪಂಚಾಕ್ಷರಿ ಗವಾಯಿಗಳಾದರು. ತಾವು ಪಡೆದ ವಿದ್ಯೆಯನ್ನು ಬಡ ಮಕ್ಕಳಿಗೆ, ಕಣ್ಣಿಲ್ಲದ ಮಕ್ಕಳಿಗೆ ಹಂಚಲು ಹೊರಟರು. ಮೊದಮೊದಲು ಶಾಲೆಗೊಂದು ಕಟ್ಟಡವೇ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ ಸಂಚಾರಿ ಪಾಠಶಾಲೆ ಅದು. ಊರಿನವರು ಕೊಟ್ಟ ಜೋಳ, ಬೇಳೆಯೇ ಊಟ. ಕೊನೆಗೆ ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು.

ಕಣ್ಣಿಲ್ಲದವರಿಗೆ ಕಲಿಸುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಾರ್ಮೋನಿಯಂನ ಕರಿ ಮನೆಗಳು ಬಿಳಿ ಮನೆಗಳಿಗಿಂತ ಎತ್ತರಕ್ಕಿರುತ್ತವೆ; ಎರಡರ ಗುಂಪು, ಮೂರರ ಗುಂಪು ಎಂದು ಬಿಡಿಬಿಡಿಯಾಗಿ ಕೂತಿರುತ್ತವೆ. ಬೆರಳು ಆ ಗುಂಪುಗಳನ್ನು ಸವರಿದರೆ ಸಾಕು, ಷಡ್ಜ ಎಲ್ಲಿದೆ ಎಂದು ಗೊತ್ತಾಗುತ್ತದೆ. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕೈಗೆ ಇಳಿಸಬೇಕು. ತೀನ್‌ತಾಲದ 16 ಮಾತ್ರೆ ಮುಗಿದು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಬಂದಾಗ ಹಾಡುವವರೂ ನುಡಿಸುವವರೂ ಒಂದೇ ಕಡೆ ಬಂದು ಸೇರಬೇಕು. ಅಲ್ಲಿ ಕಣ್ಣಿದ್ದವರಿಗೆ ಹೆಚ್ಚುಗಾರಿಕೆಯೇನೂ ಇಲ್ಲ.

ಆಶ್ರಮದಲ್ಲಿ ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೇ ಕಲಿತರು. ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1936ರಲ್ಲಿ ಹಂಪಿಯ ವಿಜಯನಗರ ಉತ್ಸವದಲ್ಲಿ ಅವರು ಮೊದಲ ಕಚೇರಿ ಕೊಟ್ಟಾಗ ತಬಲಾ ಹಿಡಿದು ಕೂತವರು ಸ್ವತಃ ಗುರುಗಳೇ. ಶಿಷ್ಯನ ಪಕ್ಕದಲ್ಲಿ ಸಾಥಿಗೆ ಕೂರುವ ಆ ದೊಡ್ಡ ಮನಸ್ಸು ಈ ವೃತ್ತಿಯ ಜೀವಾಳ ಎಂದು ನಾನು ನಂಬಿದ್ದೇನೆ.

1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಹೊಣೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಅವರಿಗೂ ಎಳೆತನದಲ್ಲೇ ದೃಷ್ಟಿ ಹೋಗಿತ್ತು. ಹೊಣೆ ಹೊತ್ತಾಗ ವಯಸ್ಸು ಕೇವಲ 30. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲವೂ ಅವರ ಕೈಗೆ ಒಗ್ಗಿದ್ದವು. ಬ್ರೈಲ್ ಲಿಪಿ ಕಲಿತರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು, ನಾಟಕಗಳನ್ನೂ ರಚಿಸಿದರು. ಆಶ್ರಮದ ನಾಟಕ ಕಂಪನಿ ಊರೂರು ತಿರುಗಿ ಗಳಿಸಿದ ಹಣ ಮಕ್ಕಳ ಊಟಕ್ಕಾಯಿತು. ಭಕ್ತರು ನಡೆಸಿದ ತುಲಾಭಾರಗಳ ಕಾಣಿಕೆಯೂ ಅದೇ ಪಂಕ್ತಿಗೆ ಸೇರಿತು. ಜಾತಿ ಕೇಳದೆ ಊಟ, ವಸತಿ, ವಿದ್ಯೆ ಕೊಡುವ ಪದ್ಧತಿ ಗಟ್ಟಿಯಾಯಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ನಮ್ಮನ್ನಗಲಿದರು.

ಅಲ್ಲಿ ಕಲಿತವರು ಏನಾದರು? ತೊಗಲುಗೊಂಬೆ ಕಲಾವಿದರ ಮನೆಯ ಹುಡುಗ ವೆಂಕಟೇಶಕುಮಾರ್ 1968ರಲ್ಲಿ ಆಶ್ರಮ ಸೇರಿ 12 ವರ್ಷ ಕಲಿತರು, ಧಾರವಾಡದಲ್ಲಿ ಸಂಗೀತ ಪ್ರಾಧ್ಯಾಪಕರಾದರು, 2016ರಲ್ಲಿ ಪದ್ಮಶ್ರೀ ಪಡೆದರು. ಹೆಸರಾಗದವರ ಸಾಲು ಇನ್ನೂ ಉದ್ದ: ಶಾಲೆಯ ಸಂಗೀತ ಮೇಷ್ಟ್ರು, ಕೀರ್ತನಕಾರರು, ಜಾತ್ರೆಯ ನಾಟಕಕ್ಕೆ ಪೆಟ್ಟಿಗೆ ಬಾರಿಸುವವರು. ಸಂಗೀತ ಅವರ ಮನಸ್ಸನ್ನು ಅರಳಿಸಿತು, ನಿಜ. ಅದರ ಜೊತೆಗೆ ಸಂಬಳ ತಂದಿತು, ಮನೆ ಕಟ್ಟಿಸಿತು, ಊರಿನಲ್ಲಿ ಮರ್ಯಾದೆ ಕೊಡಿಸಿತು. ನೆಮ್ಮದಿ ಬೇರೂರುವುದು ಇಂಥ ನೆಲದಲ್ಲೇ.

ಆದ್ದರಿಂದ ಈ ಕ್ಷೇತ್ರಕ್ಕೆ ಬರುವ ಗೆಳೆಯರೇ, ಒಂದು ಸಂಜೆ ಹಾಡಿಸಿ, ಫೋಟೊ ತೆಗೆಸಿಕೊಂಡು ಎದ್ದು ಬರಬೇಡಿ. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕೂತು ಕಲಿಸಿ. ನಿಮ್ಮಲ್ಲಿ ಕಲಿತವರು ನಾಳೆ ತಾವೇ ಗುರುಗಳಾಗಿ ದುಡಿಯುವಂತೆ ಮಾಡಿ. ಸರ್ಕಾರಕ್ಕೂ ಒಂದು ಮಾತು: ಪ್ರತಿ ಶಾಲೆಗೂ ಸಂಗೀತ ಶಿಕ್ಷಕರನ್ನು ಕೊಡಿ, ಆ ನೇಮಕದಲ್ಲಿ ಕಣ್ಣಿಲ್ಲದ ಕಲಾವಿದರಿಗೆ ನ್ಯಾಯವಾದ ಪಾಲು ಕೊಡಿ.